ಸಾಲಿನ ಮೇಲೆ ಕಣ್ಣು, ಮನಸ್ಸು ಮಾತ್ರ ಬೇರೆಡೆ

ಒಂದು ಪುಟವನ್ನು ಕೊನೆಯವರೆಗೆ ಓದುತ್ತೇವೆ. ಏನು ಓದಿದೆವೆಂದು ಕೇಳಿಕೊಂಡರೆ ಒಂದು ಮಾತೂ ನೆನಪಿಗೆ ಬಾರದು. ಇದು ಎಲ್ಲರಿಗೂ ಒಮ್ಮೊಮ್ಮೆ ಆಗುವಂಥದೇ. ಆದರೆ ಕೆಲವರಿಗೆ ಇದು ನಿತ್ಯದ ಪಾಡು. ಕಚೇರಿಯ ಸುತ್ತೋಲೆಯಾಗಲಿ, ಆಸೆಯಿಂದ ಕೊಂಡು ತಂದ ಗ್ರಂಥವಾಗಲಿ, ಅದೇ ಸಾಲಿಗೆ ಮೂರು ನಾಲ್ಕು ಸಲ ಮರಳಬೇಕಾಗುತ್ತದೆ. ಬಾಲ್ಯದಿಂದ 'ಸೋಮಾರಿ', 'ಶ್ರದ್ಧೆಯಿಲ್ಲದವನು' ಎಂದು ಕೇಳಿಸಿಕೊಂಡು, ನಲವತ್ತರ ವಯಸ್ಸಿಗೆ ಅವರೂ ಅದನ್ನೇ ನಂಬಿಬಿಟ್ಟಿರುತ್ತಾರೆ. ಇಂಥವರಲ್ಲಿ ಕೆಲವರಿಗೆ ಇರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ. ಇದು ಮಕ್ಕಳಿಗಷ್ಟೇ ಬರುವುದೆಂಬ ತಿಳಿವಳಿಕೆ ತಪ್ಪು. ಅನೇಕರಲ್ಲಿ ಇದು ದೊಡ್ಡವರಾದ ಮೇಲೂ ಉಳಿಯುತ್ತದೆ.

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅದು ಕಾಳು ಹೆಕ್ಕುವ ಗುಬ್ಬಿಯಂತೆ ಕುಪ್ಪಳಿಸುತ್ತ ಸಾಗುತ್ತದೆ. ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ 1870ರ ದಶಕದ ಕೊನೆಯಲ್ಲಿಯೇ ಈ ವಿಚಾರವನ್ನು ಬರೆದಿದ್ದರು. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಅಕ್ಷರಗಳನ್ನು ಗ್ರಹಿಸುವುದು ಈ ನಿಲುಗಡೆಯಲ್ಲಿ; ಜಿಗಿತದ ಕ್ಷಣದಲ್ಲಿ ಕಣ್ಣಿಗೆ ಹೊಸದೇನೂ ಕಾಣುವುದಿಲ್ಲವೆಂದೇ ಹೇಳಬೇಕು. ಚೆನ್ನಾಗಿ ಓದಬಲ್ಲವರ ಕಣ್ಣು ಸಹ ಹತ್ತರಲ್ಲಿ ಒಂದು ಸಲವಾದರೂ ಹಿಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಹಿಂದಿರುಗಿ ಓದುವುದನ್ನೇ ದೋಷವೆಂದು ಬಗೆಯಬೇಕಿಲ್ಲ.

ಮನಸ್ಸು ಓದಿನಲ್ಲಿ ನೆಲೆಸಿದ್ದರೆ, ಅಪರಿಚಿತ ಪದದ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ, ಪರಿಚಿತ ಪದವನ್ನು ಬೇಗ ದಾಟುತ್ತದೆ. ಮನಸ್ಸು ಅಲೆಯತೊಡಗಿದಾಗ ಈ ವ್ಯತ್ಯಾಸ ಮಸುಕಾಗುತ್ತದೆ. ಕಣ್ಣು ತನ್ನ ಪಾಡಿಗೆ ಚಲಿಸುತ್ತಲೇ ಇರುತ್ತದೆ, ಅರ್ಥ ಮಾತ್ರ ಒಳಗೆ ಇಳಿಯದು. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಮನಸ್ಸಿನ ಈ ಅಲೆದಾಟ ಹೆಚ್ಚು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಕ್ಕಳೂ ವಯಸ್ಕರೂ ಇದ್ದರು. ಒಂದೇ ಬಿಂದುವನ್ನು ನೋಡುತ್ತಿರಿ ಎಂದು ಹೇಳಿದರೂ ಎಡಿಎಚ್‌ಡಿ ಇದ್ದವರ ಕಣ್ಣು ಹೆಚ್ಚು ಬಾರಿ ಅತ್ತಿತ್ತ ಜಿಗಿಯಿತು. ತೊಡಕಿರುವುದು ಕಣ್ಣಿನ ಸ್ನಾಯುಗಳಲ್ಲಲ್ಲ, ಅವುಗಳಿಗೆ 'ತಾಳು' ಎಂದು ಅಪ್ಪಣೆ ಕೊಡುವ ಮಿದುಳಿನ ವ್ಯವಸ್ಥೆಯಲ್ಲಿ. ಗದರಿದರೆ ಅದು ಸರಿಹೋಗುವುದಿಲ್ಲ.

ಹಾಗೆಂದು ಓದಿನಲ್ಲಿ ಗಮನ ತಪ್ಪಿದವರಿಗೆಲ್ಲ ಈ ತೊಂದರೆ ಇದೆಯೆಂದಲ್ಲ. ನಲವತ್ತು ದಾಟಿದವರು ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಲಿ. ಚಾಳೀಸು ಬಂದಿದ್ದರೆ ಕನ್ನಡಕವೇ ಸಾಕಾದೀತು. ನಿದ್ರೆಯ ಕೊರತೆ, ಚಿಂತೆ, ಖಿನ್ನತೆಗಳೂ ಗಮನವನ್ನು ಕೆಡಿಸುತ್ತವೆ. ಸಾಲಿನ ಕೆಳಗೆ ಬೆರಳಿಟ್ಟು ಓದುವುದು, ಗಟ್ಟಿಯಾಗಿ ಓದುವುದು, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡುವುದು ಕೆಲವರಿಗೆ ನೆರವಾಗುತ್ತವೆ. ಔಷಧಗಳೂ ಇವೆ, ಆದರೆ ಮನೋವೈದ್ಯರ ಸಲಹೆಯಿಲ್ಲದೆ ಅವನ್ನು ಮುಟ್ಟಲೇಬಾರದು. ಎಲ್ಲಿಗೆ ಹೋಗುವುದೆಂದು ತಿಳಿಯದವರು ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ರೋಗನಿರ್ಣಯಕ್ಕೆ, ಹನ್ನೆರಡು ವರ್ಷಕ್ಕೆ ಮೊದಲೇ ಕೆಲವು ಲಕ್ಷಣಗಳು ಇದ್ದವೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. ಆದಕಾರಣ ಭೇಟಿಗೆ ಹೋಗುವಾಗ ತಾಯಿಯನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಶಾಲೆಯ ಹಳೆಯ ಪ್ರಗತಿಪತ್ರ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಅದನ್ನೂ ಒಯ್ಯಿರಿ.