ಎರಡು ಚದರ ಮಿಲಿಮೀಟರಿನ ಲೆಕ್ಕ

‘ಇನ್ನೆಷ್ಟು ವರ್ಷ, ಡಾಕ್ಟ್ರೇ?’ ಶ್ವಾಸಕೋಶದಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ ಇದೆ ಎಂದು ತಿಳಿದ ಮನೆಯವರು ಕೇಳುವುದು ಇದನ್ನೇ. ಆ ಹೆಸರೊಂದನ್ನೇ ಹಿಡಿದು ಯಾರೂ ಉತ್ತರ ಹೇಳಲಾರರು. ಅದರಡಿ ಇರುವುದು ನಾಲ್ಕು ಕಾಯಿಲೆಗಳು. ಟಿಪಿಕಲ್ ಕಾರ್ಸಿನಾಯ್ಡ್ ಆದರೆ 100ರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಸ್ಮಾಲ್ ಸೆಲ್ ಕ್ಯಾನ್ಸರ್ ಆದರೆ 10 ಮಂದಿಯೂ ದಾಟುವುದಿಲ್ಲ. ನಡುವೆ ಏಟಿಪಿಕಲ್ ಕಾರ್ಸಿನಾಯ್ಡ್, ಅದಕ್ಕಿಂತ ಕೆಟ್ಟದ್ದಾದ ಲಾರ್ಜ್ ಸೆಲ್. ಸ್ಮಾಲ್, ಲಾರ್ಜ್ ಎರಡಕ್ಕೂ ಬೀಡಿ–ಸಿಗರೇಟಿನ ನಂಟು ಗಟ್ಟಿ. ಕಾರ್ಸಿನಾಯ್ಡ್ ಹಾಗಲ್ಲ, ಹೊಗೆ ಸೇದದವರನ್ನೂ ಬಿಡದು.

ಯಾವುದು ಯಾವುದೆಂದು ಗೊತ್ತಾಗುವುದು ಎಣಿಕೆಯಿಂದ. ಗಡ್ಡೆಯ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು, 2 ಚದರ ಮಿಲಿಮೀಟರ್ ಜಾಗದಲ್ಲಿ ಎಷ್ಟು ಜೀವಕೋಶಗಳು ಒಡೆದು ಎರಡಾಗುತ್ತಿವೆ ಎಂದು ಪೆಥಾಲಜಿಸ್ಟ್ ಎಣಿಸುತ್ತಾರೆ. ಎರಡಕ್ಕಿಂತ ಕಡಿಮೆಯಿದ್ದು, ಸತ್ತ ಅಂಗಾಂಶ ಕಾಣದಿದ್ದರೆ ಟಿಪಿಕಲ್. 2ರಿಂದ 10 ಇದ್ದರೆ, ಇಲ್ಲವೇ ಅಲ್ಲಲ್ಲಿ ಅಂಗಾಂಶ ಸತ್ತಿದ್ದರೆ ಏಟಿಪಿಕಲ್. 10 ದಾಟಿತೋ, ಉಳಿದೆರಡರಲ್ಲಿ ಒಂದು. ಅಲ್ಲಿ ಕೋಶಗಳ ಗಾತ್ರ, ರೂಪವನ್ನೂ ನೋಡಬೇಕು.

ಈ ಗೆರೆ ಎಳೆದವರು ಮನುಷ್ಯರೇ. ಜರ್ಮನಿಯ ಸೀಗ್‌ಫ್ರೀಡ್ ಓಬರ್ನ್‌ಡೋರ್ಫರ್ 1907ರಲ್ಲಿ ಕರುಳಿನ ಇಂಥ ಗಡ್ಡೆಗಳಿಗೆ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟಾಗ ಅವು ನಿರುಪದ್ರವಿ ಎಂದೇ ನಂಬಿದ್ದರು. 1929ರಲ್ಲಿ ಆ ಮಾತನ್ನು ತಾವೇ ತಿದ್ದಿಕೊಂಡರು. ಶ್ವಾಸಕೋಶದ ಏಟಿಪಿಕಲ್‌ಗೆ ಕನಿಷ್ಠ 5 ಕೋಶವಿಭಜನೆ ಬೇಕು ಎಂದದ್ದು 1972ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು. 1998ರಲ್ಲಿ ವಿಲಿಯಂ ಟ್ರಾವಿಸ್ ಮತ್ತು ಸಂಗಡಿಗರು ಅದನ್ನು 2ಕ್ಕೆ ಇಳಿಸಿದರು.

ಗೆರೆ ಹೀಗೆ ಸರಿದಾಗ ಒಂದು ವಿಚಿತ್ರ ನಡೆಯುತ್ತದೆ. ಎ ಸೆಕ್ಷನ್ನಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವರನ್ನು ಬಿ ಸೆಕ್ಷನ್ನಿಗೆ ಕಳಿಸಿದರೆ, ಅವರು ಅಲ್ಲಿಯವರಿಗಿಂತ ಜಾಣರಾಗಿದ್ದರೆ, ಎರಡೂ ಸೆಕ್ಷನ್ನಿನ ಸರಾಸರಿ ಅಂಕ ಏರುತ್ತದಲ್ಲವೇ? ಟಿಪಿಕಲ್ ಗುಂಪಿನಲ್ಲಿ ಸ್ಥಿತಿ ಹೆಚ್ಚು ಕೆಟ್ಟಿದ್ದವರು ಏಟಿಪಿಕಲ್ ಗುಂಪಿಗೆ ಹೋದಾಗಲೂ ಇದೇ ಲೆಕ್ಕ. ಯಾರ ಆಯಸ್ಸೂ ಒಂದು ದಿನ ಹೆಚ್ಚಿರುವುದಿಲ್ಲ, ಎರಡೂ ಗುಂಪಿನ ಶೇಕಡಾವಾರು ಮಾತ್ರ ಚೆನ್ನಾಗಿ ಕಾಣುತ್ತದೆ. ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಇಟ್ಟು ಚಿಕಿತ್ಸೆ ಸುಧಾರಿಸಿತು ಎನ್ನುವವರನ್ನು ನಾನಂತೂ ಕೂಡಲೇ ನಂಬುವುದಿಲ್ಲ.

ಇನ್ನೂ ದೊಡ್ಡ ತೊಡಕು ಬಯಾಪ್ಸಿಯದು. ಬ್ರಾಂಕೋಸ್ಕೋಪ್‌ನಿಂದ ಚಿವುಟಿ ತೆಗೆದ ಚೂರಿನಲ್ಲಿ ಎಣಿಸಲು 2 ಚದರ ಮಿಲಿಮೀಟರೇ ಸಿಗದಿರಬಹುದು. ಚೂರು ನಜ್ಜುಗುಜ್ಜಾದರಂತೂ ಕಾರ್ಸಿನಾಯ್ಡ್ ಕೂಡ ಸ್ಮಾಲ್ ಸೆಲ್‌ನಂತೆ ಕಂಡುಬಿಡುತ್ತದೆ. ಆಪರೇಷನ್ನಿನಲ್ಲಿ ಗುಣವಾಗುವ ರೋಗಿ ಕಿಮೋ ಕಡೆಗೆ ಹೋದರೆ ಆಗುವ ನಷ್ಟ ಸಣ್ಣದಲ್ಲ. ಇಲ್ಲಿ ನೆರವಾಗುವುದು ಕೆಐ-67 ಬಣ್ಣದ ಪರೀಕ್ಷೆ: ಬೆಳೆಯುತ್ತಿರುವ ಕೋಶಗಳು ಸ್ಮಾಲ್ ಸೆಲ್‌ನಲ್ಲಿ ಬಹುಪಾಲು, ಕಾರ್ಸಿನಾಯ್ಡ್‌ನಲ್ಲಿ ಅಲ್ಲೊಂದು ಇಲ್ಲೊಂದು.

ಹೆಸರು ಖಚಿತವಾದ ಮೇಲೂ ದುಗ್ಧಗ್ರಂಥಿಗೆ ಹರಡಿದೆಯೇ, ಪೂರ್ತಿ ತೆಗೆಯಲಾಯಿತೇ, ವಯಸ್ಸೆಷ್ಟು ಎಂಬುದರ ಮೇಲೆ ಅಂದಾಜು ಏರಿಳಿಯುತ್ತದೆ.

ಎಲ್ಲಕ್ಕೂ ಐದು ವರ್ಷದ ಅಳತೆಯನ್ನೇ ಹಿಡಿಯುವುದೂ ಸರಿಯಲ್ಲ. ದೇಹದಲ್ಲಿ ಹರಡಿದ ಸ್ಮಾಲ್ ಸೆಲ್‌ನಲ್ಲಿ ಮಾತು ತಿಂಗಳುಗಳದ್ದು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಿಮೋ ಜೊತೆ ಅಟೆಜೊಲಿಜುಮಾಬ್ ಎಂಬ ಔಷಧಿ ಕೊಟ್ಟಾಗ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ 10.3 ತಿಂಗಳಿಂದ 12.3ಕ್ಕೆ ಏರಿತು, ಅದೇ ದೊಡ್ಡ ಸುದ್ದಿಯಾಯಿತು. ಕಾರ್ಸಿನಾಯ್ಡ್ ತದ್ವಿರುದ್ಧ, ಗಡ್ಡೆ ತೆಗೆದು ಹತ್ತು ವರ್ಷವಾದ ಮೇಲೂ ಮರಳಿ ಬರಬಲ್ಲದು. ಐದನೇ ವರ್ಷಕ್ಕೆ ‘ಗೆದ್ದೆವು’ ಎಂದು ಸ್ಕ್ಯಾನ್ ನಿಲ್ಲಿಸುವ ರೋಗಿಗಳಿಗೆ ವೈದ್ಯರು ಹೇಳುವುದು ಇದನ್ನೇ: ಮುಂದಿನ ವರ್ಷವೂ ಬನ್ನಿ.