ಹಿಮನದಿ ಮರಳಿಸುತ್ತಿರುವ ಯೋಧರು
1968ರ ಫೆಬ್ರವರಿ 7ರಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟ ಭಾರತೀಯ ವಾಯುಪಡೆಯ ಎಎನ್-12 ವಿಮಾನವು, ಹವಾಮಾನ ತೀರಾ ಹದಗೆಟ್ಟಿದ್ದರಿಂದ ನಡುದಾರಿಯಲ್ಲೇ ಹಿಂದಿರುಗುತ್ತಿದ್ದಾಗ, ಹಿಮಾಚಲ ಪ್ರದೇಶದ ರೋಹ್ತಾಂಗ್ ಬಳಿ ಸಂಪರ್ಕ ಕಡಿದುಕೊಂಡು ಕಣ್ಮರೆಯಾಯಿತು. ಸೋವಿಯತ್ ನಿರ್ಮಿತ, ನಾಲ್ಕು ಎಂಜಿನ್‌ಗಳ ಆ ಭಾರಿ ಸಾಗಣೆ ವಿಮಾನದ ಸುಳಿವು ಮುಂದಿನ 35 ವರ್ಷ ಯಾರಿಗೂ ಸಿಗಲಿಲ್ಲ. 2003ರಲ್ಲಿ ಲಾಹೌಲ್ ಪ್ರದೇಶದ ಢಾಕಾ ಹಿಮನದಿಯನ್ನು ಏರಿದ ಪರ್ವತಾರೋಹಿಗಳಿಗೆ ವಿಮಾನದ ಅವಶೇಷಗಳೊಂದಿಗೆ ಒಬ್ಬ ಯೋಧನ ಪಾರ್ಥಿವ ಶರೀರವೂ ಕಾಣಿಸಿತು.

ಇಷ್ಟು ತಡವಾದುದಕ್ಕೆ ಹಿಮನದಿಯ ಸ್ವಭಾವವೇ ಮುಖ್ಯ ಕಾರಣವೆನ್ನಬೇಕು. ವರ್ಷವರ್ಷವೂ ಬೀಳುವ ಹಿಮವು ಮೇಲಿನ ಪದರಗಳ ಒತ್ತಡಕ್ಕೆ ಗಟ್ಟಿಯಾಗಿ, ತನ್ನದೇ ಭಾರಕ್ಕೆ ಇಳಿಜಾರಿನಲ್ಲಿ ಬಲು ನಿಧಾನವಾಗಿ ಸರಿಯುವ ಮಂಜುಗಡ್ಡೆಯ ರಾಶಿಯೇ ಹಿಮನದಿ. ಎತ್ತರದಲ್ಲಿ ಅದರೊಳಗೆ ಹುದುಗಿದ ವಸ್ತುವು ದಶಕಗಳ ಕಾಲ ಅದರೊಡನೆಯೇ ಚಲಿಸಿ, ಕೆಳಗೆ ಮಂಜು ಕರಗುವಲ್ಲಿ ಮತ್ತೆ ಹೊರಬೀಳುತ್ತದೆ. ಆ ಶೈತ್ಯದಲ್ಲಿ ಕೊಳೆಯುವಿಕೆ ಬಹುಮಟ್ಟಿಗೆ ತಡೆಯಲ್ಪಡುವುದರಿಂದ, ಸಮವಸ್ತ್ರದ ತುಂಡು, ಜೇಬಿನಲ್ಲಿ ಮಡಚಿಟ್ಟ ಕಾಗದದಂಥ ಅಲ್ಪ ವಸ್ತುಗಳೂ ಉಳಿದು ಗುರುತಿಗೆ ನೆರವಾಗುತ್ತವೆ.

2003ರಿಂದ 2019ರವರೆಗೆ ಐವರ ಶರೀರಗಳು ಮಾತ್ರ ದೊರೆತಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಡೋಗ್ರಾ ಸ್ಕೌಟ್ಸ್ ಯೋಧರು ಮತ್ತು ತಿರಂಗಾ ಪರ್ವತ ರಕ್ಷಣಾ ತಂಡದವರು ಇನ್ನೂ ನಾಲ್ವರನ್ನು ಹೊರತೆಗೆದರು. ಹೀಗೆ 56 ವರ್ಷಗಳ ಬಳಿಕ, ಅಂತ್ಯಸಂಸ್ಕಾರದ ಸಮಾಧಾನವೂ ಇಲ್ಲದೆ ಕಾದಿದ್ದ ಕೆಲವು ಮನೆಗಳಿಗೆ ತಮ್ಮವರ ದೇಹ ತಲುಪಿತು. ಉಳಿದ ಬಹುತೇಕರು ಅದುವರೆಗೂ ಆ ಮಂಜಿನಡಿಯಲ್ಲೇ ಉಳಿದಿದ್ದರು.