ಮಿಷನ್ ಆಸ್ಪತ್ರೆಯಲ್ಲಿ ಸಿಕ್ಕ ಸುಳಿವು

ಮೈಸೂರಿನ ಉದಯಗಿರಿಯಲ್ಲಿ ಯಾರಾದರೂ ತೂಕ ಇಳಿಸಲೆಂದು ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ವೀಗನ್ ಆಗಲು ಹೊರಟರೆ, ಅದೇ ಊರಿನ ಮಂಡಿ ಮೊಹಲ್ಲಾದಲ್ಲಿ ಬೆಳಕಿಗೆ ಬಂದ ಒಂದು ಸಂಗತಿಯನ್ನು ಅವರಿಗೆ ಮೊದಲು ಹೇಳಬೇಕು ಅನ್ನಿಸುತ್ತದೆ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಮೈಸೂರಿನವರಿಗೆ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಹೆಚ್ಚು ಎಂದು ಇಂಗ್ಲೆಂಡಿನ ಸಂಶೋಧಕ ಡೇವಿಡ್ ಬಾರ್ಕರ್ ಹೇಳಿದ ಮೇಲೆ ಈ ಹಳೆಯ ದಾಖಲೆಗಳಿಗೆ ಬೆಲೆ ಬಂತು. ಅವರ ಬಳಗದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1934ರಿಂದ 1954ರ ನಡುವೆ ಇಲ್ಲಿ ಹುಟ್ಟಿದವರನ್ನು ಪತ್ತೆಹಚ್ಚಿದರು. ಸಿಕ್ಕ 517 ಜನರನ್ನು ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ, ಮೂರು ಕೆ.ಜಿ. ದಾಟಿ ಚೆನ್ನಾಗಿ ತೂಗಿದ್ದವರಲ್ಲಿ ಶೇ 3.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಹಾಗೆ ಕೂಡಿಬರಲಿಲ್ಲ. ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು. ಹಾಗಾದರೆ ಬಸಿರಿನಲ್ಲೇ ತಾಯಿಗೆ ಸಕ್ಕರೆ ಏರಿತ್ತೇ? ಹಳೆಯ ದಾಖಲೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೀಗಾಗಿ 1997–98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಳ ಕಾಲ ಬಿಡದೆ ನೋಡಿಕೊಂಡು ಬಂದಿತು. ಇಂಥ ಕೆಲಸಕ್ಕೆ ಬೇಕಾದ ತಾಳ್ಮೆಯನ್ನು ನಾವು ಸಾಕಷ್ಟು ಗೌರವಿಸುವುದಿಲ್ಲ. ಆ ಅಧ್ಯಯನದಲ್ಲಿ ಹುಟ್ಟಿದ ಮಕ್ಕಳನ್ನು ಅಳೆದಾಗ, ಬ್ರಿಟನ್ನಿನ ಮಕ್ಕಳಿಗೆ ಹೋಲಿಸಿದರೆ ನಮ್ಮ ಕೂಸುಗಳು ಬಹುತೇಕ ಅಳತೆಗಳಲ್ಲಿ ಚಿಕ್ಕವಿದ್ದವು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ.

ತಾಯಂದಿರ ರಕ್ತದಲ್ಲಿ ಬಿ12 ಜೀವಸತ್ವವನ್ನು ಅಳೆದಾಗ ಇನ್ನೊಂದು ಸುಳಿವು ಸಿಕ್ಕಿತು. 2009ರಲ್ಲಿ ಪ್ರಕಟವಾದ ಆ ವರದಿಯಲ್ಲಿ 785 ಬಸುರಿಯರಿದ್ದಾರೆ. ಅವರಲ್ಲಿ ಶೇ 43 ಮಂದಿಗೆ ಬಿ12 ಕೊರತೆ. ಕೊರತೆಯಿದ್ದವರೇ ಹೆಚ್ಚು ದಪ್ಪ, ಅವರಲ್ಲೇ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚು. ಹೀಗೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರ ಪೈಕಿ ಬಿ12 ಕಡಿಮೆಯಿದ್ದವರು ಐದು ವರ್ಷದ ನಂತರ ಹೆಚ್ಚಾಗಿ ಮಧುಮೇಹಿಗಳಾಗಿದ್ದರು. ಮೈತೂಕವನ್ನು ಲೆಕ್ಕಕ್ಕೆ ಹಿಡಿದಾಗ ಬಸಿರಿನ ಸಕ್ಕರೆಯೊಂದಿಗಿನ ನಂಟು ಸಡಿಲವಾಯಿತು. ಆದ್ದರಿಂದ ಬಿ12 ಕೊರತೆಯೇ ಕಾರಣ ಎಂದು ಯಾರೂ ತೀರ್ಪು ಕೊಡಲಿಲ್ಲ, ನಾನೂ ಕೊಡುವುದಿಲ್ಲ. ಆದರೆ ದಪ್ಪವಿರುವವರು ಚೆನ್ನಾಗಿ ಉಂಡವರು ಎಂಬ ನಮ್ಮ ಊಹೆ ಎಷ್ಟು ಪೊಳ್ಳು ಎಂಬುದು ಅಲ್ಲಿ ಕಂಡಿತು.

ಅದೇ ಬಸುರಿಯರಲ್ಲಿ ಇನ್ನೊಂದು ಬಿ ಜೀವಸತ್ವವಾದ ಫೋಲೇಟ್ ಕೊರತೆ ಇದ್ದದ್ದು ಶೇ 4 ಮಂದಿಗೆ ಮಾತ್ರ. ಫೋಲೇಟ್ ಸಿಗುವುದು ಸೊಪ್ಪು, ಬೇಳೆ, ಕಾಳುಗಳಲ್ಲಿ. ಬಿ12 ಅವುಗಳಲ್ಲಿ ಇಲ್ಲವೇ ಇಲ್ಲ, ಅದು ಸಿಗುವುದು ವೀಗನ್ ಆಗುವವರು ಬಿಡುವ ಹಾಲು, ಮೊಟ್ಟೆ, ಮಾಂಸದಲ್ಲಿ. ಫೋಲೇಟ್ ಧಾರಾಳವಾಗಿದ್ದರೆ ರಕ್ತಹೀನತೆ ಕಾಣಿಸಿಕೊಳ್ಳದೆ, ಬಿ12 ಕೊರತೆ ಒಳಗೊಳಗೇ ನರಗಳನ್ನು ಕೆಡಿಸುತ್ತಾ ಹೋಗಬಹುದು. ಕಾಲು ಜೋಮು ಹಿಡಿಯುವವರೆಗೂ ಗೊತ್ತಾಗದಿರಬಹುದು.

ಹಾಗೆಂದು ವೀಗನ್ ಊಟದಿಂದ ತೂಕ ಇಳಿಯುವುದು ಸುಳ್ಳಲ್ಲ. ಅಮೆರಿಕದ ವೈದ್ಯ ನೀಲ್ ಬರ್ನಾರ್ಡ್ 2005ರಲ್ಲಿ ಮುಟ್ಟು ನಿಂತ, ತೂಕ ಹೆಚ್ಚಿದ್ದ 64 ಮಹಿಳೆಯರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಎಷ್ಟು ತಿನ್ನಬೇಕೆಂಬ ಮಿತಿ ಇರಲಿಲ್ಲ. 14 ವಾರಗಳಲ್ಲಿ ವೀಗನ್ ಗುಂಪು ಸರಾಸರಿ 5.8 ಕೆ.ಜಿ. ಇಳಿಯಿತು, ಹೋಲಿಕೆಗೆಂದು ಇನ್ನೊಂದು ಪಥ್ಯ ಹಿಡಿದ ಗುಂಪು 3.8 ಕೆ.ಜಿ. ಗಮನಿಸಬೇಕಾದದ್ದು, ಆ ವೀಗನ್ ಊಟದಲ್ಲಿ ಎಣ್ಣೆ, ಜಿಡ್ಡು ತೀರ ಕಡಿಮೆ, ನಾರು ಹೆಚ್ಚು. ಹೊಟ್ಟೆ ತುಂಬುತ್ತದೆ, ಒಳಗೆ ಹೋಗುವ ಕ್ಯಾಲೊರಿ ಕಡಿಮೆ. ಎಣ್ಣೆಯಲ್ಲಿ ಕರಿದ ಬೋಂಡದಲ್ಲೂ ಹಾಲು, ಮಾಂಸ ಇರುವುದಿಲ್ಲ. ಅದರಿಂದ ಯಾರೂ ಇಳಿಯುವುದಿಲ್ಲ. ರಾಗಿಮುದ್ದೆ, ಬಸ್ಸಾರು, ಹುರುಳಿಕಾಳು, ಎಣ್ಣೆ ಕಡಿಮೆ ಹಾಕಿ ಮಾಡಿದ ಪಲ್ಯ: ಮೈಸೂರಿನ ಅಡುಗೆಮನೆಗೆ ಇದೇನೂ ಹೊಸದಲ್ಲ.

ಬಿ12 ಒಂದನ್ನು ಮಾತ್ರ ಹೊರಗಿನಿಂದ ತರಲೇಬೇಕು. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಕಟ್ಟಿದಾಗ ಈ ಜೀವಸತ್ವವನ್ನು ಯಾರೂ ಬೇರ್ಪಡಿಸಿರಲಿಲ್ಲ, ಅದಾದದ್ದು 1948ರಲ್ಲಿ. ಇದನ್ನು ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಬ್ಯಾಕ್ಟೀರಿಯಾ. ಔಷಧ ಕಾರ್ಖಾನೆಗಳೂ ಅವನ್ನೇ ಬೆಳೆಸಿ ತೆಗೆಯುತ್ತವೆ, ಹಾಗಾಗಿ ಗುಳಿಗೆಯೊಳಗಿನ ಬಿ12ರಿಂದ ವ್ರತಭಂಗವೇನೂ ಆಗದು. ದಿನವೂ ಗುಳಿಗೆ ನುಂಗುವುದಾದರೆ ಕನಿಷ್ಠ 10 ಮೈಕ್ರೊಗ್ರಾಂ ಎಂಬುದು ವೀಗನ್ ಸೊಸೈಟಿಯದೇ ಸಲಹೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಆ ಮಾತ್ರೆಯೂ ಬಿ12 ಹೀರುವಿಕೆಯನ್ನು ತಗ್ಗಿಸುತ್ತದೆ. ಅಂಥವರು ಹಾಲು ಬಿಡುವ ಮೊದಲೇ ರಕ್ತದ ಬಿ12 ಪರೀಕ್ಷೆ ಮಾಡಿಸಿಕೊಂಡು ಡಾಕ್ಟರರ ಹತ್ತಿರ ಮಾತಾಡಬೇಕು.